ಆರು ಸಾವಿರ ಚೂರು

ನನ್ನ ಚಿಕ್ಕಮ್ಮ ಅಂಧರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟುಡಿಯೋ, ಅದೇ ಗಾಜಿನ ಕೋಣೆ. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ವಶೀಲಿಯಿಂದ ಬಂದವಳು ಎಂದು ಅನ್ನುವವರು ಅಂದುಕೊಳ್ಳಲಿ, ನನಗೆ ಕೆಲಸ ಗೊತ್ತು.

ಗಂಟಲಿನ ಆಪರೇಷನ್ ಆಗಿ ಎರಡು ತಿಂಗಳಿಗೆ ಚಿಕ್ಕಮ್ಮ ಮತ್ತೆ ಮೈಕಿನ ಮುಂದೆ ಕೂತಳು. ಒಂದು ಅಧ್ಯಾಯ ಓದಿ ಮುಗಿಸಿದಳು. ಹಾಕಿ ಕೇಳಿದರೆ ಮಾತು ಅಲ್ಲಲ್ಲಿ ತುಂಡಾಗುತ್ತಿತ್ತು. ಸ್ಟುಡಿಯೋ ನಡೆಸುವ ಹಿರಿಯರು ಹೆಡ್‌ಫೋನ್ ತೆಗೆದಿಟ್ಟು, ಉಸಿರು ಸಾಲುತ್ತಿಲ್ಲವೇನೋ, ಸೋಮವಾರದಿಂದ ಬೇರೆಯವರು ಓದಲಿ ಎಂದರು. ಚಿಕ್ಕಮ್ಮ ಎದುರಾಡಲಿಲ್ಲ, ಆಯಿತು ಎಂದಷ್ಟೇ ಹೇಳಿ ಊಟಕ್ಕೆ ಎದ್ದಳು. ನನಗೆ ಮೈಯೆಲ್ಲ ಉರಿಯಿತು.

ಈ ಹಿರಿಯರನ್ನು ನಾವು ಹಿಂದಿನಿಂದ ಕರೆಯುವುದು ಜೋಪಾನಯ್ಯ ಎಂದು. ಕೆಮ್ಮಿ ಕೆಟ್ಟ ರೆಕಾರ್ಡಿಂಗನ್ನೂ ಅಳಿಸಗೊಡುವುದಿಲ್ಲ. ಎಂದಾದರೂ ಬೇಕಾಗುತ್ತದೆ ಎನ್ನುತ್ತಾರೆ. ಕೆಮ್ಮು ಯಾರಿಗೆ ಬೇಕು ಎಂದು ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ಊಟ ಮುಗಿಸಿ ಬಂದು ಅದೇ ಅಧ್ಯಾಯವನ್ನು ಮತ್ತೆ ಹಾಕಿದೆ. ಮೊದಲ ಸಲ 'ಬಾಗಿಲು' ಎಂಬಲ್ಲಿ ಮಾತು ನಿಂತಿತ್ತು. ಈ ಸಲ ಬಾಗಿಲು ಸಲೀಸಾಗಿ ದಾಟಿ ಎರಡು ವಾಕ್ಯ ಮುಂದೆ ಹೋಗಿ ನಿಂತಿತು. ಮನುಷ್ಯರು ತಡವರಿಸಿದ್ದು ರೆಕಾರ್ಡಿನಲ್ಲಿ ಜಾಗ ಬದಲಿಸುವುದಿಲ್ಲ. ಇದು ಚಿಕ್ಕಮ್ಮನ ಉಸಿರಲ್ಲ ಎಂದು ಆಗಲೇ ಖಾತ್ರಿಯಾಯಿತು.

ಡಿಸ್ಕ್ ನೋಡಿದೆ. ಜೋಪಾನ ಮಾಡಿದ ಕೆಮ್ಮುಗಳೆಲ್ಲ ಸೇರಿ ನೂರಕ್ಕೆ ತೊಂಬತ್ತೆಂಟು ಭಾಗ ತುಂಬಿತ್ತು. ಆ ಒಂದು ಅಧ್ಯಾಯದ ಫೈಲು ಆರು ಸಾವಿರ ಚೂರಾಗಿ ಡಿಸ್ಕಿನ ಉದ್ದಗಲಕ್ಕೂ ಬಿದ್ದಿತ್ತು. ನಮ್ಮ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಸಾಮಾನ್ಯವಾಗಿ ಒಂದು ಫೈಲನ್ನು ಒಂದೇ ಕಡೆ ಇಡಲು ನೋಡುತ್ತದೆ, ಮುಂದೆ ಬೆಳೆದರೆ ಇರಲಿ ಎಂದು ಪಕ್ಕದಲ್ಲಿ ಒಂದಿಷ್ಟು ಜಾಗವನ್ನೂ ಬಿಡುತ್ತದೆ. ಖಾಲಿ ಜಾಗವೇ ಇಲ್ಲದಿದ್ದರೆ ಅದಾದರೂ ಏನು ಮಾಡೀತು? ನಾಲ್ಕು ಕೋಣೆಗಳ ಮೈಕುಗಳು ಒಂದೇ ಹೊತ್ತಿಗೆ ಬರೆಯುವಾಗ, ಸಿಕ್ಕ ಸಂದಿಯಲ್ಲಿ ಸಿಕ್ಕಷ್ಟು ತುರುಕಿತ್ತು. ಹಾಕಿ ಕೇಳುವಾಗ ಡಿಸ್ಕನ್ನು ಓದುವ ಮುಳ್ಳು ಆ ಚೂರುಗಳನ್ನು ಹುಡುಕಿಕೊಂಡು ಓಡಾಡಿ ಸುಸ್ತಾಗುತ್ತಿತ್ತು, ಅದು ತಡವಾದಲ್ಲೆಲ್ಲ ಮಾತು ತುಂಡಾಗುತ್ತಿತ್ತು.

ಹಿರಿಯರಿಗೆ ತೋರಿಸಿದೆ. ಅವರು ಸುಮ್ಮನೆ ಒಪ್ಪುವವರಲ್ಲ.

"ಲಿನಕ್ಸಲ್ಲಿ ಫೈಲು ಚೂರಾಗಲ್ಲ, ತಲೆ ಕೆಡಿಸ್ಕೋಬೇಡಿ ಅಂತ ನೀನೇ ಹೇಳಿದ್ದೆ ಕಣಮ್ಮ."

ಹೇಳಿದ್ದು ನಿಜ. ಕೆಲಸಕ್ಕೆ ಸೇರಿದ ವಾರವೇ ಜಂಬ ಕೊಚ್ಚಿಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಆದರೆ ಹಿಂದೆ ಸರಿಯಲಿಲ್ಲ.

"ಖಾಲಿ ಜಾಗ ಇರೋವರೆಗೂ ಆಗಲ್ಲ ಸಾರ್. ಅಷ್ಟನ್ನ ನಾನು ಹೇಳ್ಲಿಲ್ಲ. ತಪ್ಪು ನಂದು, ಚಿಕ್ಕಮ್ಮಂದಲ್ಲ."

ಅಧ್ಯಾಯವನ್ನು ಹೊಸ ಖಾಲಿ ಡಿಸ್ಕಿಗೆ ನಕಲು ಮಾಡಿದೆ. ಆರು ಸಾವಿರ ಚೂರು ಇಲ್ಲಿ ಮೂರೇ ತುಂಡಾಗಿ ಕೂತವು. ಚಿಕ್ಕಮ್ಮನನ್ನೂ ಕರೆದು ಮೂವರೂ ಕೇಳಲು ಕೂತೆವು. ಚಿಕ್ಕಮ್ಮನ ಧ್ವನಿ ಎಲ್ಲೂ ಎಡವದೆ ಸಾಗಿತು, ಆಪರೇಷನ್ನಿಗೆ ಮುಂಚಿಗಿಂತ ತುಸು ಗಡಸಾಗಿತ್ತು ಅಷ್ಟೇ. ಹಿರಿಯರು ಗಡ್ಡ ಕೆರೆದುಕೊಂಡರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಮೂವತ್ತೊಂದನೇ ನಿಮಿಷದಲ್ಲಿ, ಇನ್ನೇನು ಅಧ್ಯಾಯ ಮುಗಿಯಬೇಕು ಎನ್ನುವಾಗ, ಮಾತು ನಿಂತಿತು. ಹಿಂದೆ ಹೋಗಿ ಮತ್ತೆ ಹಾಕಿದೆ. ಅದೇ ಪದ, ಅದೇ ಮೌನ. ಇನ್ನೊಮ್ಮೆ ಹಾಕಿದರೂ ಅಲ್ಲೇ. ಇದನ್ನೂ ಡಿಸ್ಕಿನ ಮೇಲೆ ಹೇರೋಣ ಎಂದು ಬಾಯಿ ತೆರೆದೆ.

ಚಿಕ್ಕಮ್ಮ ನನ್ನ ಕೈ ಹಿಡಿದು ತಡೆದಳು.

"ಇದು ನಂದೇ ಕಣೇ. ಅಲ್ಲಿ ನುಂಗೋಕೆ ನೋವಾಯ್ತು, ನಿಲ್ಲಿಸ್ದೆ." ಹಿರಿಯರ ಕಡೆ ತಿರುಗಿದಳು. ಇಡೀ ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು. "ಇಡೀ ಅಧ್ಯಾಯಕ್ಕೆ ಒಂದೇ ಒಂದು ಸಲ. ನಾನೂ ತಪ್ಪೆಲ್ಲ ನನ್ನ ಗಂಟಲಿಂದೇ ಅಂದ್ಕೊಂಡು ಸುಮ್ನಾಗಿದ್ದೆ. ಆ ಪುಟ ಈಗ್ಲೇ ಮತ್ತೆ ಓದ್ತೀನಿ. ಸೋಮವಾರ ಬರೋರಿಗೆ ಬೇರೆ ಪುಸ್ತಕ ನೋಡ್ಕೊಳಿ."

ಉತ್ತರಕ್ಕೆ ಕಾಯದೆ ಎದ್ದು ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಿರಿಯರು ಹೆಡ್‌ಫೋನ್ ಕಿವಿಗೇರಿಸಿ, ಶುರು ಮಾಡಿ ಎಂದು ಅವಳಿಗೆ ಕೈ ಎತ್ತಿದರು.