ನಿಂತಿತಾ ಪುಟ್ಟಿ

ಹಸಿರು ದೀಪ ಮತ್ತೆ ಹೊತ್ತಿತು, ಹೆಸರುಕಾಳಿನಷ್ಟೇ ದೀಪ, ಅಂದರೆ ಗಾಜಿನ ಆಚೆ ಅಪ್ಪ ಗುಂಡಿ ಒತ್ತಿದ್ದಾನೆ, ಕೇಳಿಸಿತು ಎಂದರ್ಥ, ಮೂವತ್ತೆಂಟನೆಯ ಸ್ವರವೂ ಸರಿ — ಹೊರಗಿನ ಸದ್ದು ನುಸುಳದಂತೆ ಗೋಡೆಗೆಲ್ಲ ಸ್ಪಂಜು ಹೊದಿಸಿದ ಆ ಪುಟ್ಟ ಕೋಣೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಹೆಡ್‌ಫೋನ್ ಏರಿಸಿ, ಫೋಟೊ ತೆಗೆಸಿಕೊಳ್ಳುವವನಂತೆ ಕೂತಿದ್ದಾನೆ, ಅಷ್ಟು ಎತ್ತರದ, ಸೊಳ್ಳೆಗಿಂತ ಸಣ್ಣ ಸ್ವರ ಈ ವಯಸ್ಸಿನಲ್ಲಿ ಯಾರಿಗೆ ಕೇಳುತ್ತದೆ, ಹತ್ತೊಂಬತ್ತು ಸಂಗೀತಗಾರರನ್ನು ಮಗಳು ಪರೀಕ್ಷಿಸಿದ್ದಳು, ಒಬ್ಬರೂ ಹೀಗಿರಲಿಲ್ಲ, ಸಂಗೀತವನ್ನು ವಿಜ್ಞಾನವಾಗಿ, ಮನಸ್ಸಿನ ವಿದ್ಯೆಯಾಗಿ ಓದಲು ವಿಶ್ವವಿದ್ಯಾಲಯಕ್ಕೆ ಬಂದು ಎರಡು ವರ್ಷ, ಇದು ಅವಳ ಮೊದಲ ಸ್ವಂತ ಪ್ರಯೋಗ, ಇಪ್ಪತ್ತನೆಯ ಕಿವಿ ಪಿಯಾನೊ ಶ್ರುತಿ ಮಾಡುವ ಅಪ್ಪನದು, ಹೆಮ್ಮೆಯಿಂದ ಕಾಲು ಚಾಚಿದಳು, ಪಾದಕ್ಕೆ ಏನೋ ತಣ್ಣಗೆ ತಗುಲಿತು, ಬಗ್ಗಿ ನೋಡಿದರೆ ಗೋಡೆಯ ತೂತಿನಿಂದ ಈಚೆ ಬಂದ ಅಪ್ಪನ ಹೆಡ್‌ಫೋನಿನ ತಂತಿ, ಯಂತ್ರಕ್ಕೆ ಸಿಕ್ಕಿಸಿಯೇ ಇಲ್ಲ, ತಾನೇ ಮರೆತದ್ದು.

ಹಾಗಾದರೆ ಅಪ್ಪ ಕೇಳಿದ್ದು ಏನನ್ನು, ಸ್ವರ ಬಂದದ್ದು ಗಾಜಿನ ಈಚೆ ಅವಳು ಹಾಕಿಕೊಂಡ ಹೆಡ್‌ಫೋನಿಗೆ ಮಾತ್ರ, ಯಾವಾಗ ಬರುತ್ತದೋ ಅವಳಿಗೂ ಗೊತ್ತಿಲ್ಲ, ಯಂತ್ರ ತನಗೆ ತೋಚಿದಾಗ ಕಳಿಸುತ್ತದೆ — ಬೇರೆ ಯಾರಾದರೂ ಆಗಿದ್ದರೆ ಎರಡೇ ನಿಮಿಷಕ್ಕೆ ಕೈ ಎತ್ತುತ್ತಿದ್ದರು, ಏನಮ್ಮಾ, ಇದ್ರಲ್ಲಿ ಏನೂ ಬರ್ತಾನೇ ಇಲ್ವಲ್ಲ, ಅಪ್ಪ ಎತ್ತಲಿಲ್ಲ, ಎತ್ತರದ ಸ್ವರವೆಂದರೆ ಅವನ ಕಿವಿಗೆ ಏನೂ ಬೀಳದಿರುವುದೇ ರೂಢಿ, ಎಷ್ಟು ವರ್ಷದಿಂದ ರೂಢಿಯೋ, ಅವನ ಕಣ್ಣು ಅವಳ ಮುಖದ ಮೇಲಿದೆ, ಮೊದಲಿನಿಂದಲೂ ಅಲ್ಲೇ ಇತ್ತು, ಮಗಳನ್ನು ಕಣ್ತುಂಬ ನೋಡುತ್ತಿದ್ದಾನೆ ಎಂದುಕೊಂಡಿದ್ದಳು, ಸ್ವರ ಕಿವಿಗೆ ಬಿದ್ದ ಕೂಡಲೆ ಅವಳ ಎಡಹುಬ್ಬು ತಾನಾಗಿ ಮೇಲೇರುತ್ತದೆ, ನಿನ್ನ ಹುಬ್ಬಿಗೇ ಒಂದು ಬಾಯಿದೆ ಕಣೆ ಎನ್ನುತ್ತಿದ್ದಳು ಅಮ್ಮ, ಸುಳ್ಳು ಹೇಳೋಕೆ ನೀನು ಲಾಯಕ್ಕಿಲ್ಲ, ಆ ಭಾನುವಾರಗಳು, ಯಾರದೋ ಮನೆ, ಮುಚ್ಚಳ ತೆಗೆದ ಪಿಯಾನೊ, ಎದುರು ಸ್ಟೂಲಿನ ಮೇಲೆ ಏಳು ವರ್ಷದ ಅವಳು, ಕೈಯಲ್ಲಿ ಬಿಸ್ಕತ್ತು, ಒಂದೇ ಸ್ವರಕ್ಕೆ ಎರಡು ಮೂರು ತಂತಿ ಇರುತ್ತೆ ಪುಟ್ಟಿ, ಒಂದಕ್ಕೊಂದು ಕೂಡದಿದ್ರೆ ದನಿ ನಡುಗುತ್ತೆ, ನಡುಕ ನಿಂತಾಗ ಹೇಳು, ತಂತಿ ಬಿಗಿಯುವ ಸ್ಪ್ಯಾನರು ಕೂದಲೆಳೆಯಷ್ಟು ತಿರುಗುತ್ತದೆ, ನಿಂತಿತಾ ಪುಟ್ಟಿ, ಅವಳು ಬಾಯಿ ತೆರೆಯುವ ಮೊದಲೇ ಸ್ಪ್ಯಾನರು ಕೆಳಗಿಳಿಯುತ್ತಿತ್ತು, ಅಪ್ಪನಿಗೆ ಎಲ್ಲ ಗೊತ್ತು, ಬರೀ ನನ್ನ ಖುಷಿಗೆ ಕೇಳುತ್ತಾನೆ ಎಂದುಕೊಂಡೇ ಬೆಳೆದಳು, ಆ ನಡುಕ ಏನೆಂದು ತಿಳಿಯುವ ಹುಚ್ಚೇ ಇಲ್ಲಿಯವರೆಗೆ ಎಳೆತಂದದ್ದು, ಮೊದಲ ತರಗತಿಯಲ್ಲಿ ಪ್ರೊಫೆಸರು ಬೋರ್ಡಿನ ಮೇಲೆ ಎರಡು ಅಲೆ, ಪಕ್ಕದಲ್ಲಿ ಅವು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಂಬ ಸಂಖ್ಯೆ ಬರೆದು, ಈ ಸಂಖ್ಯೆಯಿಂದ ಆ ಸಂಖ್ಯೆ ಕಳೀರಿ, ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ ಅಂತ ಸಿಗುತ್ತೆ ಎಂದರು, ಬರೀ ಕಳೆಯುವ ಲೆಕ್ಕ, ಇಷ್ಟೇನಾ, ಸಂಜೆ ಅಪ್ಪನಿಗೆ ಫೋನು ಮಾಡಿ ನಕ್ಕಿದ್ದಳು.

ಅವಳು ಇಲ್ಲಿಗೆ ಬಂದ ವರ್ಷವೇ ಅಪ್ಪನ ಕೆಲಸದ ಮೇಲೆ ದೂರುಗಳು ಶುರುವಾದವು — ಪಿಯಾನೊದ ಮೇಲಿನ ಸ್ವರಗಳು ಕೂಡಿಲ್ಲ ಎಂದರಂತೆ ನೃತ್ಯಶಾಲೆಯ ಟೀಚರು, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಅಪ್ಪ ಫೋನಿನಲ್ಲಿ ಗಹಗಹಿಸಿದ್ದ, ಅವಳೂ ಜೊತೆಗೆ ನಕ್ಕಿದ್ದಳು, ಅಯ್ಯೋ ಅಪ್ಪ, ಮನೆ ಬಿಡುವಾಗ ನಿನ್ನ ಕಿವಿಯನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದೆನೇನು, ನಾಳೆ ಅಪ್ಪ ಶ್ರುತಿ ಮಾಡಬೇಕಾದದ್ದು ವಿಶ್ವವಿದ್ಯಾಲಯದ ಸಭಾಂಗಣದ ದೊಡ್ಡ ಪಿಯಾನೊ, ತಾನೇ ಪ್ರೊಫೆಸರನ್ನು ಕೇಳಿ ಕೊಡಿಸಿದ ಕೆಲಸ, ಇಂಥ ಕಿವಿ ಇನ್ನೊಂದಿಲ್ಲ ಸರ್, ಹೌದೇನಮ್ಮ, ಹಾಗಾದ್ರೆ ನಾವೆಲ್ಲ ಬಂದು ಕೇಳ್ತೀವಿ, ತಪ್ಪಿದರೆ ಎಲ್ಲರೆದುರು ತಪ್ಪುತ್ತಾನೆ, ತಂತಿಯ ತುದಿ ಅವಳ ಬೆರಳ ನಡುವೆ ಇದೆ, ಸಿಕ್ಕಿಸಿ ಮತ್ತೆ ಮೊದಲಿನಿಂದ ಶುರು ಮಾಡಬಹುದು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಬೇಡ, ಅಪ್ಪನ ಉತ್ತರ ಗುರುತಿಸಿದ ಈ ಹಾಳೆ ಹರಿದುಹಾಕಿದರಾಯಿತು, ಪ್ರಯೋಗಕ್ಕೆ ಹತ್ತೊಂಬತ್ತೇ ಸಾಕು, ನಾಳೆ ಅವಳೂ ಹೋಗುತ್ತಾಳೆ, ಪಿಯಾನೊದ ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಾಳೆ, ನಾಡಿದ್ದು, ಅದರಾಚೆ ಏನು ಗತಿ, ನಿನಗೆ ಕೇಳುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು, ಅವನಿಗೆ ತಾನು ಮಾಡುತ್ತಿರುವುದು ಗೊತ್ತಿದೆಯೋ, ತನ್ನ ಕಿವಿಯೇ ಕೇಳಿತೆಂದು ನಂಬಿದ್ದಾನೋ — ಮೇಜಿನ ಕೆಳಗೆ ಕೈಹಾಕಿ ಯಂತ್ರ ನಿಲ್ಲಿಸಿದಳು, ಈಗ ಎಲ್ಲೂ ಸ್ವರವಿಲ್ಲ, ಅವಳ ಕಿವಿಯಲ್ಲೂ ಇಲ್ಲ, ಅಪ್ಪ ನೋಡುತ್ತಿದ್ದಾನೆ, ಹೆಬ್ಬೆರಳು ಗುಂಡಿಯ ಮೇಲೆ, ನಿಂತಿತಾ ಪುಟ್ಟಿ, ಎಡಹುಬ್ಬನ್ನು ಮೆಲ್ಲಗೆ ಏರಿಸಿದಳು, ಹಸಿರು ದೀಪ, ಸ್ವಲ್ಪ ಹೊತ್ತು ಬಿಟ್ಟು ಏರಿಸಿದಳು, ಹಸಿರು ದೀಪ, ಕಣ್ಣು ತುಂಬಿಕೊಂಡು ಗಾಜೂ ಅಪ್ಪನೂ ಕಲಸಿಹೋದರು, ಅವಳು ಮತ್ತೆ ಹುಬ್ಬೇರಿಸಿದಳು, ಹಸಿರು ದೀಪ.