ಪೂರ್ವಕ್ಕೆ ಸಾಲು ಕೋಣೆಗಳು

"ಪ್ಲಗ್ ಕೀಳಬೇಡ ಅಂದೆನಲ್ಲ!"

ಅಕ್ಕ ಕೂಗಿದ ರಭಸಕ್ಕೆ ದೊಡ್ಡಪ್ಪನ ಮಗನ ಕೈ ಸಾಕೆಟ್ಟಿನ ಮೇಲೇ ನಿಂತಿತು. ನಡುಮನೆಯಲ್ಲಿ ಅವಳ ತಮ್ಮ ಗಾಜಿನ ಮುಚ್ಚಳದ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಪೆಟ್ಟಿಗೆಯನ್ನು ತಣ್ಣಗಿಡುವ ಯಂತ್ರದ ವೈರು ಮೋಟು. ಅದಕ್ಕೆ ಎಟುಕುವ ಸಾಕೆಟ್ಟು ತಮ್ಮನ ಕೋಣೆಯ ಬಾಗಿಲ ಪಕ್ಕದ್ದೊಂದೇ, ಅದರಲ್ಲಿ ಅವನ ಕಂಪ್ಯೂಟರ್ ಇತ್ತು.

"ಹತ್ತು ವರ್ಷ ಈ ಡಬ್ಬಾ ಕುಟ್ಟಿದ್ದು ಸಾಲದಾ ಅಕ್ಕ? ಇವತ್ತೂ ಬೇಕಾ?"

"ಪಕ್ಕದ ಮನೆಯಿಂದ ಉದ್ದದ ವೈರ್ ಇಸ್ಕೊಂಡು ಬಾ, ಹೋಗು."

ಅವನು ಗೊಣಗುತ್ತ ಹೋದ. ಅಕ್ಕ ಪರದೆಯನ್ನೇ ನೋಡುತ್ತ ನಿಂತಳು. ನಿನ್ನೆ ಸಂಜೆ ಐದೂವರೆಗೆ ಅವಳು ಎದ್ದು ಬಂದಾಗ ತಮ್ಮ ಗಾಲಿಕುರ್ಚಿಯಲ್ಲೇ ಕೀಬೋರ್ಡಿನ ಮೇಲೆ ಬಾಗಿದ್ದ. ಮೈ ಆಗಲೇ ತಣ್ಣಗಾಗಿತ್ತು. ಪರದೆಯ ಮೇಲಿನ ಆಟದ ನಕ್ಷೆಯಲ್ಲಿ ಮಾತ್ರ ಅವನ ಕೆಂಪು ಚುಕ್ಕೆ ನಡೆಯುತ್ತಲೇ ಇತ್ತು, ಚೌಕದ ಪಕ್ಕ ಚೌಕ ಬೆಳೆಯುತ್ತಲೇ ಇತ್ತು. ಅವನ ಕೈ ಎತ್ತಿದ ಮೇಲೆ ನಿಂತಿತು.

ಆ ಕೋಣೆಯ ಬಾಗಿಲು ಸ್ಪ್ರಿಂಗಿನದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಸದಾ ಇಟ್ಟಿಗೆ ಕೊಟ್ಟು ತೆರೆದಿಡುತ್ತಿದ್ದರು. ನಿನ್ನೆ ಕೀಬೋರ್ಡಿನ ಟಕಟಕ ತಾಳಲಾರದೆ ಇಟ್ಟಿಗೆ ಸರಿಸಿ ಮಲಗಿದವಳು ಅವಳೇ. ತಮ್ಮ ತನ್ನನ್ನು ಕೂಗಿದನೇ? ಆಗಿನಿಂದ ಅವಳ ತಲೆಯೊಳಗೆ ಇದೊಂದೇ ಪ್ರಶ್ನೆ ಕೊರೆಯುತ್ತಿತ್ತು.

* * *

ಲಿಫ್ಟ್ ರಿಪೇರಿ ಮಾಡುತ್ತಿದ್ದ ತಮ್ಮ ಮೂರನೇ ಮಹಡಿಯಿಂದ ಬಿದ್ದು ಕಾಲು ಕಳೆದುಕೊಂಡ ಮೇಲೆ ಈ ಆಟ ಹಿಡಿದಿದ್ದ. ಚಿತ್ರವಿಲ್ಲದ, ಬರೀ ಅಕ್ಷರದ ಆಟ; ಎಲ್ಲೆಲ್ಲಿಯವರೋ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುತ್ತ, ಅಲ್ಲೇ ಬರೆದು ಮಾತಾಡಿಕೊಳ್ಳುತ್ತಾರೆ. 'ಕಲ್ಲಿನ ಕೋಣೆ, ಪೂರ್ವಕ್ಕೆ ಬಾಗಿಲು' ಎಂದು ಸಾಲು ಬರುತ್ತದೆ. ಆರು ಒತ್ತಿದರೆ ಪೂರ್ವ, ನಾಲ್ಕು ಒತ್ತಿದರೆ ಪಶ್ಚಿಮ. ಹೋದ ಕೋಣೆಗೆಲ್ಲ ಪಕ್ಕದ ನಕ್ಷೆ ತಾನಾಗಿ ಒಂದೊಂದು ಚೌಕ ಬರೆದುಕೊಳ್ಳುತ್ತದೆ. ಯಾರ ನಕ್ಷೆ ಕೆಟ್ಟರೂ ಇವನನ್ನೇ ಕೇಳುತ್ತಿದ್ದರು.

"ಊರವರ ದಾರಿಯೆಲ್ಲ ರಿಪೇರಿ ಮಾಡು, ನಮ್ಮನೆ ನಲ್ಲಿ ಸೋರ್ತಾನೇ ಇರಲಿ," ಎಂದು ಅಕ್ಕ ಛೇಡಿಸುತ್ತಿದ್ದಳು.

"ಇಲ್ಲಿ ನೋಡಕ್ಕ, ಈ ನಕ್ಷೆಗೊಂದು ರೋಗ. ಬಾಗಿಲು ಮುಚ್ಚಿದೆ ಅಂತ ಆಟ ಬಾಯಿ ಬಡ್ಕೊಳ್ತಿರುತ್ತೆ, ಇದಕ್ಕೆ ಕೇಳಿಸೋದೇ ಇಲ್ಲ. ಆರು ಒತ್ತಿದ್ನಾ, ಹೋದ ಅಂತಾನೇ ತಿಳ್ಕೊಳ್ಳುತ್ತೆ. ನಾನಿನ್ನೂ ಬಾಗಿಲ ಈಚೆ ನಿಂತಿರ್ತೀನಿ, ಇದು ಇಲ್ಲದ ಕೋಣೆ ಬರ್ಕೊಂಡು ಮುಂದೆ ಹೋಗಿರುತ್ತೆ."

"ಆಮೇಲೆ?"

"ಆಟದಿಂದ ಹೊರಗೆ ಬಂದು ಚುಕ್ಕೇನ ವಾಪಸ್ ಕರ್ಕೊಂಡು ಬರ್ಬೇಕು. ಎಷ್ಟು ಆರೋ ಅಷ್ಟು ನಾಲ್ಕು."

* * *

ಹನ್ನೊಂದರ ಹೊತ್ತಿಗೆ ಏದುಸಿರು ಬಿಡುತ್ತ ಒಬ್ಬ ಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಪೆಟ್ಟಿಗೆ ಕಂಡವನೇ ಹೊಸ್ತಿಲಲ್ಲೇ ಕುಳಿತುಬಿಟ್ಟ.

"ನಾನು ಟೈಲರ್. ಆಟದಲ್ಲಿ ಇವರ ಜೊತೆಗಾರ. ವಿಳಾಸ ಗೊತ್ತಿರಲಿಲ್ಲ. ಲಿಫ್ಟಿನವರ ಅಂಗಡಿ ಅಂಗಡಿ ಅಲೆದು, ಬಿದ್ದವರ ಮನೆ ಯಾವುದು ಅಂತ ಕೇಳ್ಕೊಂಡು ಬಂದೆ. ನಿನ್ನೆ ಮಧ್ಯಾಹ್ನಾನೇ ಹೊರಟಿದ್ದೆ."

"ನಿನ್ನೆ ಮಧ್ಯಾಹ್ನ ಯಾಕೆ ಹೊರಟ್ರಿ? ಆಗ ನನಗೇ ಗೊತ್ತಿರಲಿಲ್ಲವಲ್ಲ."

ಟೈಲರ್ ಕುತ್ತಿಗೆಯ ಟೇಪು ತೆಗೆದು ಸುತ್ತತೊಡಗಿದ. ಅಕ್ಕ ಅವನನ್ನು ಕೋಣೆಗೆ ಕರೆದೊಯ್ದು ಪರದೆ ತೋರಿಸಿದಳು.

"ಅಯ್ಯೋ, ಇಷ್ಟೊಂದು ಕೋಣೆ! ಕೈ ಆರರ ಮೇಲೆ ಬಿದ್ದುಬಿಟ್ಟಿದೆ."

"ಅದು ನನಗೂ ಗೊತ್ತು. ಅದಕ್ಕೆ ಮುಂಚಿನದು ತೋರಿಸಿ."

ಟೈಲರ್ ಪರದೆಯನ್ನು ಹಿಂದಕ್ಕೆ ಉರುಳಿಸಿದಂತೆ 'ಬಾಗಿಲು ಮುಚ್ಚಿದೆ' ಎಂಬ ಒಂದೇ ಸಾಲು ಸಾವಿರಾರು ಸಲ ಸರಿದುಹೋಯಿತು. ಅದು ಶುರುವಾದಲ್ಲಿ ಟೈಲರ್ ಪರದೆಗೆ ಅಂಗೈ ಅಡ್ಡ ಹಿಡಿದ.

"ಬೇಡ ಅಕ್ಕ."

"ಕೈ ತೆಗೀರಿ."

ಮೂರು ಗಂಟೆ ಹತ್ತು ನಿಮಿಷಕ್ಕೆ ತಮ್ಮ ಬರೆದಿದ್ದ: ಎದೆ ಹಿಡಿದ ಹಾಗಿದೆ.

ಟೈಲರ್: ಅಕ್ಕನ್ನ ಕೂಗಿ.

ತಮ್ಮ: ಎರಡು ದಿನ ನನ್ನ ಜ್ವರಕ್ಕೆ ನಿದ್ದೆಗೆಟ್ಟು ಈಗಷ್ಟೇ ಮಲಗಿದ್ದಾಳೆ. ಏಳಲಿ, ಹೇಳ್ತೀನಿ.

ಟೈಲರ್: ಮನೆ ಎಲ್ಲಿ ಹೇಳಿ, ಬರ್ತೀನಿ.

ಅದರ ಕೆಳಗೆ: ಬಾಗಿಲು ಮುಚ್ಚಿದೆ. ಬಾಗಿಲು ಮುಚ್ಚಿದೆ. ಬಾಗಿಲು ಮುಚ್ಚಿದೆ.

"ಕೂಗಿದ್ದು ನನಗೆ ಕೇಳಿಸಲಿಲ್ಲವೇನೋ ಅಂತ ಸಾಯ್ತಿದ್ದೆ," ಎಂದಳು ಅಕ್ಕ. "ನೀನು ಕೂಗಲೇ ಇಲ್ಲವಲ್ಲೋ, ಪಾಪಿ. ಒಂದು ಸಲ ಕೂಗಿದ್ರೆ ನಾನೇನು ಸವೆದು ಹೋಗ್ತಿದ್ನಾ?"

ಅವಳಿಗೆ ಅವನ ಮೇಲೆ ತಡೆಯಲಾರದ ಸಿಟ್ಟು ಬಂತು. ಹೊಡೆಯೋಣವೆಂದರೆ ಆಸಾಮಿಯೇ ಇಲ್ಲ. ಆಗ ಅತ್ತಳು.

"ಗಾಡಿ ಬಂತು ಅಕ್ಕ, ಎತ್ತಬೇಕು," ದೊಡ್ಡಪ್ಪನ ಮಗ ಹೊರಗಿನಿಂದ ಕರೆದ.

"ಈ ಸುಳ್ಳು ಕೋಣೆಗಳನ್ನ ಅಳಿಸಿಬಿಡ್ಲಾ?" ಟೈಲರ್ ಮೆಲ್ಲನೆ ಕೇಳಿದ. "ಒಂದೇ ಕ್ಷಣದ ಕೆಲಸ."

"ಬೇಡ. ಅಷ್ಟು ದೂರ ಒಬ್ಬನೇ ಹೋಗಿದಾನೆ."

ಅವಳು ತಮ್ಮನ ಗಾಲಿಕುರ್ಚಿಯಲ್ಲಿ ಕುಳಿತು, ಆಟದಿಂದ ಹೊರಬಂದು ನಾಲ್ಕು ಒತ್ತಿದಳು. ಚುಕ್ಕೆ ಒಂದು ಕೋಣೆ ಹಿಂದೆ ಬಂತು. ಮತ್ತೆ ಒತ್ತಿದಳು. ನಡುಮನೆಯಲ್ಲಿ ನಾಲ್ಕು ಜನ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಯಾರೋ ಮತ್ತೆ ಅಕ್ಕ ಎಂದರು. "ಬಂದೆ, ಇರಿ," ಎಂದಳು. ಸಾಲು ಇನ್ನೂ ಉದ್ದಕ್ಕಿತ್ತು, ಮೊದಲ ಬಾಗಿಲು ಕಾಣುತ್ತಿರಲಿಲ್ಲ. ಒಂದು ಕೈ ನಾಲ್ಕನ್ನು ಒತ್ತುತ್ತಲೇ ಇತ್ತು. ಇನ್ನೊಂದನ್ನು ಹಿಂದಕ್ಕೆ ಚಾಚಿ, ಕೋಣೆಯ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅವಳು ಒತ್ತಿ ಹಿಡಿದಿದ್ದಳು.