ಮುಂಬಾಗಿಲಿನಿಂದ ಬಂದ ಸೊಸೆ

ಓರ್ಲಾಳನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನು? ಐರಿಷ್ ಕಲಿಯಲೆಂದು ಡಬ್ಲಿನ್ನಿನಿಂದ ಬೇಸಿಗೆ ಶಾಲೆಗೆ ಬಂದವಳು, ಐರಿಷನ್ನೇ ಮನೆಮಾತಾಗಿ ಆಡುವ ಕಾನಮಾರಾದ ನಮ್ಮ ಮನೆಯಲ್ಲಿ ಬಾಡಿಗೆಗಿದ್ದಳು. ಬಂದು ವಾರವಾಗಿರಲಿಲ್ಲ, ನನ್ನ ಅತ್ತೆ ಬೈಬೀನ್ ಅವಳ ಬ್ರೆಡ್ಡಿಗೆ ಬೆರಳುದಪ್ಪ ಬೆಣ್ಣೆ ಸವರತೊಡಗಿದ್ದರು.

ಅತ್ತೆ ಅವಳ ಕೈಗೆ ಚಮಚ ಕೊಟ್ಟು ಕೇಳುವರು, "ಇದು ಯಾರ ಹತ್ರ ಇದೆ?"

"ಅಗಮ್" ಎನ್ನುವಳು ಓರ್ಲಾ. ನನ್ನ ಹತ್ತಿರ.

"ಅಷ್ಟು ಸಪ್ಪೆಯಾಗಿ ಅಂದ್ರೆ ಯಾರಾದ್ರೂ ಕಿತ್ಕೊಂಡು ಹೋಗ್ತಾರೆ. ಒತ್ತಿ ಹೇಳು ಮಗಳೇ!"

"ಅಗಮ್‌ಸ! ನನ್ನ ಹತ್ರಾನೇ!"

"ಭಲೇ ನನ್ನ ಚಿನ್ನ!"

ಚಿನ್ನವಂತೆ! ನಾನು ವೆಕ್ಸ್‌ಫರ್ಡಿನವಳು, ಇಂಗ್ಲಿಷಿನಲ್ಲೇ ಬೆಳೆದವಳು. ಸೊಸೆಯಾಗಿ ಬಂದು ಮೂರು ವರ್ಷ. ಐರಿಷಿನಲ್ಲಿ ಬಾಯಿ ತೆರೆದು ಒಂದು ಪದಕ್ಕೆ ತಡವರಿಸಿದರೆ ಸಾಕು, ಅತ್ತೆ "ಇರ್ಲಿ ಬಿಡಮ್ಮ, ಯಾಕೆ ಕಷ್ಟಪಡ್ತೀಯ" ಎಂದು ಇಂಗ್ಲಿಷಿಗೆ ಹೊರಳಿಬಿಡುತ್ತಿದ್ದರು. ಆ ದಯೆಯಷ್ಟು ನನ್ನನ್ನು ಇನ್ನಾವುದೂ ದೂರವಿಟ್ಟಿರಲಿಲ್ಲ. ತಾಯಿ ಮಗ ಐರಿಷಿನಲ್ಲಿ ಬಿದ್ದು ಬಿದ್ದು ನಗುವಾಗ ನಾನು ಪಾತ್ರೆ ತೊಳೆಯುತ್ತಿದ್ದೆ.

"ಅವಳ ಜೊತೆ ಮಾತ್ರ ಯಾಕೆ ಇಂಗ್ಲಿಷ್ ಆಡಲ್ಲ ನಿಮ್ಮಮ್ಮ?" ಎಂದು ಗಂಡ ಕೋಲೀನನನ್ನು ಕೇಳಿದೆ.

"ಬಾಡಿಗೆಯೋರ ಹತ್ರ ಇಂಗ್ಲಿಷ್ ಆಡಿದ್ರೆ ಶಾಲೆಯೋರು ಮುಂದಿನ ವರ್ಷ ಯಾರನ್ನೂ ಕಳ್ಸಲ್ಲ ಕಣೇ. ಅದು ನಿಯಮ. ನೀನು ಮನೆಯವಳು, ನಿನಗ್ಯಾವ ನಿಯಮ?"

ಮೈಯೆಲ್ಲ ಉರಿಯಿತು. ಮರುದಿನ ಮಧ್ಯಾಹ್ನ ನನ್ನ ಬಟ್ಟೆಗಳನ್ನು ಸೂಟ್‌ಕೇಸಿಗೆ ತುರುಕಿ, ಹಿತ್ತಿಲಿನಿಂದ ಸುತ್ತಿ ಬಂದು ಮುಂಬಾಗಿಲು ತಟ್ಟಿದೆ. ಆ ಬಾಗಿಲು ತಟ್ಟುವವರು ಬಾಡಿಗೆಯವರು ಮತ್ತು ಪಾದ್ರಿಗಳು ಮಾತ್ರ.

ಸೂಟ್‌ಕೇಸ್ ನೋಡಿ ಅತ್ತೆಯ ಮುಖ ಬಿಳಿಚಿಕೊಂಡಿತು. "ಎಲ್ಲಿಗೆ ಹೊರಟೆಯಮ್ಮ ಊನಾ?" ಎಂದರು. ಅದೂ ಇಂಗ್ಲಿಷಿನಲ್ಲೇ.

"ಕೋಣೆ... ಒಂದು ಕೋಣೆ ಬೇಕಿತ್ತು" ಎಂದು ಐರಿಷಿನಲ್ಲಿ ತೊದಲಿದೆ.

"ಯಾರಿಗಮ್ಮ?" ಮತ್ತೆ ಇಂಗ್ಲಿಷ್.

"ಬಾಡಿಗೆಯೋರ ಹತ್ರ ಇಂಗ್ಲಿಷ್ ಆಡಬಾರದು. ನಿಯಮ!"

ಅತ್ತೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಐರಿಷಿನಲ್ಲಿ ನಿಧಾನವಾಗಿ ಕೇಳಿದರು, "ಕೋಣೆ ಯಾರಿಗೆ?"

"ದಮ್‌ಸ!" ಕಿರುಚಿಬಿಟ್ಟೆ. "ನನಗೇ! ಅವಳಿಗಲ್ಲ, ನನಗೇ!"

"ಮೆಲ್ಲಗೆ ಮಾತಾಡೇ, ಊರಿಗೆಲ್ಲ ಕೇಳಿಸುತ್ತೆ! ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡೋರ ಹಾಗೆ ಅದೇನು ಮಾತು! ಸೂಟ್‌ಕೇಸಂತೆ, ಕೋಣೆಯಂತೆ! ನನ್ನ ಎದೆ ಒಡೆದೇ ಹೋಗ್ತಿತ್ತು. ಕಾಲು ಒರೆಸ್ಕೊಂಡು ಒಳಗೆ ಬಾ, ಕತ್ತೆ!"

ಎಲ್ಲವೂ ಐರಿಷಿನಲ್ಲೇ, ಒಂದೇ ಉಸಿರಿನಲ್ಲಿ, ಮಗನನ್ನು ಬೈಯುವ ವೇಗದಲ್ಲಿ. ಅರ್ಧ ನನಗೆ ತಿಳಿಯಲಿಲ್ಲ, ಒಳಗಿಂದ ಕೇಳಿಸಿಕೊಂಡಿದ್ದ ಕೋಲೀನ್ ಆಮೇಲೆ ಹೇಳಿದ. ಆದರೂ ಕಣ್ಣೀರು ಒರೆಸಿಕೊಳ್ಳುತ್ತ ಒಳಗೆ ಹೋದೆ.

ಮೇಜಿನ ಬಳಿ ಓರ್ಲಾ ಬ್ರೆಡ್ಡು ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದಳು. ಅಷ್ಟೆಲ್ಲ ಚಿನ್ನ, ಬೆಣ್ಣೆ ಪಡೆದವಳು ಅತ್ತೆಯಿಂದ ಒಂದೇ ಒಂದು ಬೈಗುಳ ಗಳಿಸಿರಲಿಲ್ಲ.